ಹಾಕಿದ್ದು ಇಪ್ಪತ್ತು, ಬಂದಿದ್ದು ನಲವತ್ತು

ಬಂಕಿನ ಪೆಟ್ರೋಲಿನಲ್ಲಿ ಈಗ ಐದನೇ ಒಂದು ಪಾಲು ಎಥೆನಾಲ್. ಎಂಜಿನ್ ಸುಟ್ಟೇಹೋಗುತ್ತದೆ ಎನ್ನುವ ವಾಟ್ಸ್ಆ್ಯಪ್ ಪಂಡಿತರನ್ನೂ ನಂಬುವಂತಿಲ್ಲ, ಏನೂ ಆಗುವುದಿಲ್ಲ ಎನ್ನುವ ಸರ್ಕಾರಿ ಪ್ರಕಟಣೆಯನ್ನೂ ನಂಬುವಂತಿಲ್ಲ. ಇ20 ಎಂಬ ಈ ಬೆರಕೆ ಬೆಂಗಳೂರಿನಲ್ಲಿ ಬಿಡುಗಡೆಯಾಗಿ 2026ರ ಫೆಬ್ರುವರಿಗೆ ಮೂರು ವರ್ಷ. ಬಿಲ್ ಕಟ್ಟುತ್ತಿರುವವರು ಯಾರು?

ದಾವಣಗೆರೆಯ ಪಿ.ಬಿ. ರಸ್ತೆ ಬಿಟ್ಟು ಎರಡು ತಿರುವು ಒಳಗೆ ಹೋದರೆ ಸಿಗುವ ಗ್ಯಾರೇಜದು. ಬೆಳಿಗ್ಗೆ ಒಂಬತ್ತೂವರೆ. ನನ್ನ ಕಾರಿನ ಬಾನೆಟ್ ಎತ್ತುವುದು ಬಿಟ್ಟು ಮೆಕ್ಯಾನಿಕ್ ಒಳಗೆ ಹೋದರು. ಬರುವಾಗ ಕೈಯಲ್ಲಿ ಮಗುವಿಗೆ ಹಾಲು ಕುಡಿಸುವ ಬಾಟಲಿ. ನಿಪ್ಪಲ್ ಎಂದೋ ಹೋಗಿದೆ, ಪಕ್ಕದ ಅಳತೆಯ ಗೆರೆಗಳು ಮಾತ್ರ ಇನ್ನೂ ಕಾಣುತ್ತವೆ.

ಇಪ್ಪತ್ತು ಎಂ.ಎಲ್. ಗೆರೆಗೆ ನೀರು ತುಂಬಿದರು. ಅದರ ಮೇಲೆ ನನ್ನ ಟ್ಯಾಂಕಿನಿಂದಲೇ ಎಳೆದ ಪೆಟ್ರೋಲು, ನೂರು ಎಂ.ಎಲ್. ಮುಚ್ಚಳ ಬಿಗಿದು ನಾಲ್ಕು ಸಲ ಅಲ್ಲಾಡಿಸಿ, ಒಮ್ಮೆ ಗಾಳಿ ಬಿಟ್ಟು ಬೆಂಚಿನ ಮೇಲಿಟ್ಟರು. ಮೊದಲಿಗೆ ಎಲ್ಲಾ ಮಬ್ಬು, ಅಕ್ಕಿ ತೊಳೆದ ನೀರಿನ ಹಾಗೆ. ಹುಡುಗ ಟೀ ತರುವ ಹೊತ್ತಿಗೆ ತಿಳಿಯಾಗಿ ಎರಡು ಪದರ ಬಿಟ್ಟಿತ್ತು. ಕೆಳಗಿನ ನೀರಿನ ಪದರ ಇಪ್ಪತ್ತರ ಗೆರೆ ದಾಟಿ ನಲವತ್ತರ ಹತ್ತಿರ ನಿಂತಿತ್ತು.

“ನೋಡ್ರಿ ಸರ್. ಹಾಕಿದ್ದು ಇಪ್ಪತ್ತು, ಬಂದಿದ್ದು ನಲವತ್ತು. ನಿಮ್ ಪೆಟ್ರೋಲಿನಾಗಿದ್ದ ಸ್ಪಿರಿಟ್ಟೆಲ್ಲಾ ಇಳಕೊಂಡು ನೀರಿಗೆ ಬಂತು.”

ಓದುಗರು ಇದನ್ನು ಅಡುಗೆಮನೆಯಲ್ಲಿ ಮಾಡಿ ನೋಡುವುದು ಬೇಡ. ಆದರೆ ಅವರು ತೋರಿಸಿದ್ದು ಕಣ್ಕಟ್ಟಲ್ಲ. ಎಥೆನಾಲ್‌ಗೆ ಪೆಟ್ರೋಲಿಗಿಂತ ನೀರಿನ ಸಹವಾಸ ಇಷ್ಟ. ನೀರು ಸಿಕ್ಕಿತೋ, ಪೆಟ್ರೋಲಿನ ಕೈ ಬಿಟ್ಟು ಅದರ ಜೊತೆ ಹೋಗಿಬಿಡುತ್ತದೆ. ಹಿಂದೆ ಇಂಥ ಬಾಟಲಿ ತೋರಿಸಿದರೆ ಬಂಕಿನವನ ಮೇಲೆ ಕಲಬೆರಕೆಯ ಕೇಸು ಹಾಕಬಹುದಿತ್ತು. ಈಗ ಕಾನೂನುಬದ್ಧವಾಗಿಯೇ ಅಷ್ಟು ಬೆರೆಸುತ್ತಾರೆ.

ಬೆರಕೆಗೆ ಹೆಸರು ಇ20. ನೂರು ಪಾಲಿನಲ್ಲಿ ಎಂಬತ್ತು ಪೆಟ್ರೋಲ್, ಇಪ್ಪತ್ತು ಎಥೆನಾಲ್. 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ‘ಇಂಡಿಯಾ ಎನರ್ಜಿ ವೀಕ್’ ಸಮಾವೇಶದ ದಿನ. ಆವತ್ತು ಇಡೀ ದೇಶದಲ್ಲಿ ಇ20 ಸಿಗುತ್ತಿದ್ದುದು 84 ಬಂಕುಗಳಲ್ಲಿ. ಅದೇ ಹೆದ್ದಾರಿ ಹಿಡಿದು ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ಬಂದರೆ ನಮ್ಮೂರು. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಇಲ್ಲಿಯ ಮಾಮೂಲಿ ನಾಜಲ್‌ಗಳಲ್ಲಿ ಬರುವುದೂ ಅದೇ ಆಯಿತು.

2030ಕ್ಕೆ ಮುಟ್ಟಬೇಕೆಂದಿದ್ದ ಗುರಿ ಅದು. 2025ಕ್ಕೇ ಮುಟ್ಟಿಯಾಯಿತು. ನಮ್ಮಲ್ಲಿ ರಸ್ತೆ, ರೈಲು, ಆಸ್ಪತ್ರೆ ಎಲ್ಲವೂ ತಡವಾಗುತ್ತವೆ. ಗಡುವಿಗಿಂತ ಐದು ವರ್ಷ ಮೊದಲೇ ಮುಗಿದದ್ದು ಇದೊಂದೇ ಇರಬೇಕು. ನಮ್ಮ ಹಳೇ ಗಾಡಿಗಳಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ಇ ಎಂದರೆ ಎಷ್ಟು?
*ಇ-ಝೀರೋ: ಎಥೆನಾಲ್ ಇಲ್ಲದ ಪೆಟ್ರೋಲ್. ಇ10: ನೂರಕ್ಕೆ ಹತ್ತು ಪಾಲು ಎಥೆನಾಲ್, 2022ರ ಜೂನ್‌ನಲ್ಲಿ ದೇಶ ಮುಟ್ಟಿದ ಮಟ್ಟ. ಇ20: ಈಗ ಎಲ್ಲೆಡೆ ಸಿಗುವುದು. ಇ30: ಬ್ರೆಜಿಲ್‌ನಲ್ಲಿ 2025ರ ಆಗಸ್ಟ್‌ನಿಂದ. ಇ85: ಫ್ಲೆಕ್ಸ್ ಎಂಜಿನ್ ಇರುವ ವಾಹನಗಳಿಗೆ ಮಾತ್ರ. ಬೆರೆಸುವ ಎಥೆನಾಲ್ ಹೆಚ್ಚುಕಡಿಮೆ ನೀರೇ ಇಲ್ಲದ್ದು. ಕುಡಿಯುವ ಆಸೆ ಯಾರಿಗೂ ಬೇಡ; ಕುಡಿಯಲಾಗದಂತೆ ಮಾಡಿಯೇ ಕಳಿಸುತ್ತಾರೆ.*

ನನ್ನ ಕಾರು 2011ರದು. ಕೈಪಿಡಿಯ ಇಂಧನದ ಪುಟದಲ್ಲಿ ಒಂದೇ ಸಾಲು: ಎಥೆನಾಲ್ ಶೇ 10 ಮೀರದಿರಲಿ. ಹದಿನಾಲ್ಕು ವರ್ಷ ಆ ಪುಟ ತೆರೆದವನಲ್ಲ ನಾನು. ತೆರೆಯುವ ಹಾಗಾಗಿದ್ದು ಬಾನೆಟ್ ಕಡೆಯಿಂದ ಪೆಟ್ರೋಲ್ ವಾಸನೆ ಬರತೊಡಗಿದ ಮೇಲೆ.

ಬಾಟಲಿಯ ಪ್ರದರ್ಶನ ಮುಗಿಸಿ ಮೆಕ್ಯಾನಿಕ್ ಪೆಟ್ರೋಲ್ ಪೈಪಿನ ಒಂದು ತುಂಡು ಬಿಚ್ಚಿ ಹೊಸದರ ಪಕ್ಕ ಇಟ್ಟರು. ಹೊಸದು ಗಟ್ಟಿ, ಕಪ್ಪು ಹೊಳಪು. ಹಳೆಯದು ಉಬ್ಬಿ ಮೆತ್ತಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಹಾಗೇ ನಿಲ್ಲುತ್ತಿತ್ತು. ಕ್ಲಿಪ್ ಕೂರುವ ಕಡೆ ಕೂದಲೆಳೆಯಂಥ ಬಿರುಕು.

ಹಳೇ ಕಾಲದ ನೈಟ್ರೈಲ್ ರಬ್ಬರಿನೊಳಗೆ ಎಥೆನಾಲ್ ಇಳಿದು ಅದನ್ನು ಉಬ್ಬಿಸುತ್ತದೆ. ಗ್ಯಾಸ್ಕೆಟ್, ಓ-ರಿಂಗ್, ಪಂಪಿನ ಡಯಾಫ್ರಂ ಎಲ್ಲಕ್ಕೂ ಇದೇ ಪಾಡು. 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ಕಾರುಗಳಲ್ಲಿ ಇವು ಬೇರೆ ಜಾತಿಯ ರಬ್ಬರಿನವು. ಅದಕ್ಕಿಂತ ಹಿಂದಿನವರದು ಅದೃಷ್ಟದ ಮಾತು. ಕೆಲವು ಕಂಪನಿಗಳು ಮೊದಲೇ ಬದಲಾಯಿಸಿದ್ದವು, ಕೆಲವು ಇಲ್ಲ.

“ಹಾಗಾದರೆ ಎಥೆನಾಲೇ ಕೆಡಿಸಿತಾ?” ಎಂದೆ.

“ಹದಿನಾಲ್ಕು ವರ್ಷದ ರಬ್ಬರ್ ಸರ್. ಅದರ ಆಯಸ್ಸೂ ಮುಗಿದಿತ್ತು. ಎಲ್ಲಾ ತಂದು ಎಥೆನಾಲ್ ತಲೆ ಮ್ಯಾಲೆ ಹಾಕಬ್ಯಾಡ್ರಿ. ಸ್ವಲ್ಪ ಬೇಗ ಹೋತು, ಅಷ್ಟೇ.”

ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಸಮತೂಕದ ಮಾತು ಅದು. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿದ್ದೂ ಸುತ್ತಿ ಬಳಸಿ ಇದನ್ನೇ. ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು. ಖರ್ಚು ಹೆಚ್ಚಿಲ್ಲ, ಮಾಮೂಲಿ ಸರ್ವಿಸ್ ಜೊತೆಗೇ ಆಗುತ್ತದೆ ಎಂದು. ನನಗೆ ಕೂಲಿ ಸೇರಿ ಸಾವಿರದ ಚಿಲ್ಲರೆ ಬಿತ್ತು. ಹೆಚ್ಚಿಲ್ಲ, ನಿಜ. ಆದರೆ ‘ಹೆಚ್ಚಿಲ್ಲ’ ಎಂದು ಹೇಳುವವರು ಒಬ್ಬರು, ಕೊಡುವವರು ಇನ್ನೊಬ್ಬರು.

ಮೈಲೇಜಿನ ಜಗಳ ರಬ್ಬರಿನದಕ್ಕಿಂತ ಜೋರು.

ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥೆನಾಲ್‌ನಲ್ಲಿ 21ರಷ್ಟು. ಮೂರನೇ ಒಂದು ಪಾಲು ಕಡಿಮೆ. ನಾಲ್ಕು ಸೇರು ಹಾಲಿಗೆ ಒಂದು ಸೇರು ನೀರುಮಜ್ಜಿಗೆ ಬೆರೆಸಿದರೆ ಕೆನೆ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ. ಲೆಕ್ಕ ಹಾಕಿದರೆ ಎಥೆನಾಲ್ ಇಲ್ಲದ ಪೆಟ್ರೋಲಿಗಿಂತ ಇ20ಯಲ್ಲಿ ಶಕ್ತಿ ಶೇ 7ರಷ್ಟು ಕಮ್ಮಿ. ಇ10ಕ್ಕೆ ಹೋಲಿಸಿದರೆ ಶೇ 3.5ರಷ್ಟು.

ನೀತಿ ಆಯೋಗ 2021ರಲ್ಲಿ ಹೊರತಂದ ಮಾರ್ಗಸೂಚಿಯೂ ಇದರ ಸುತ್ತಮುತ್ತಲೇ ಇದೆ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6–7, ಅಂಥದೇ ಬೈಕುಗಳಲ್ಲಿ ಶೇ 3–4, ಇ20ಗೆಂದೇ ಹೊಂದಿಸಿದ ಹೊಸ ಕಾರುಗಳಲ್ಲಿ ಶೇ 1–2 ಮೈಲೇಜ್ ಇಳಿಯುತ್ತದೆ ಎಂದು ಅದರಲ್ಲಿದೆ.

ಹೊಸ ಕಾರಿಗೆ ನಷ್ಟ ಕಡಿಮೆಯಾಗುವುದಕ್ಕೆ ಕಾರಣ ಆಕ್ಟೇನ್. ಎಥೆನಾಲ್ ಬೆರೆತಾಗ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರುತ್ತದೆ. ದಿಬ್ಬ ಹತ್ತುವಾಗ ಎಂಜಿನ್ ‘ಟಕಟಕ’ ಎನ್ನುವುದಿಲ್ಲ. ಅದಕ್ಕೆ ತಕ್ಕಂತೆ ಒತ್ತಡ ಹೆಚ್ಚಿಸಿ ಕಟ್ಟಿದ ಎಂಜಿನ್ ಈ ಗುಣವನ್ನು ಹಿಂಡಿಕೊಳ್ಳುತ್ತದೆ. ನನ್ನ ಕಾರಿಗೆ ಆ ಭಾಗ್ಯವಿಲ್ಲ. ಬಾದಾಮಿ ಹಾಲು ಕೊಟ್ಟರೂ ಅದು ಮಜ್ಜಿಗೆಯ ಹಾಗೇ ಕುಡಿಯುತ್ತದೆ.

ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಡೈರಿಯಲ್ಲಿ ಕಿಲೋಮೀಟರ್ ಬರೆದಿಡುವ ಚಟ ನನಗೆ ಅಪ್ಪನಿಂದ ಬಂದದ್ದು. ತಿರುವಿ ನೋಡಿದೆ. ಎರಡು ವರ್ಷದ ಹಿಂದೆ ಲೀಟರಿಗೆ 16ರ ಮೇಲೆ ಕೆಳಗೆ ಆಡುತ್ತಿದ್ದದ್ದು ಈಗ 15ರ ಆಸುಪಾಸು. ಟೈರಿನ ಗಾಳಿ, ಎ.ಸಿ., ಪೇಟೆಯ ಸಿಗ್ನಲ್, ನನ್ನ ಬಲಗಾಲಿನ ಭಾರ ಇವೆಲ್ಲದರ ಪಾಲೂ ಇದರಲ್ಲಿ ಇದ್ದೀತು. ಆದರೂ ಸರ್ಕಾರದ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ. ವರ್ಷಕ್ಕೆ 10 ಸಾವಿರ ಕಿ.ಮೀ., ಲೀಟರಿಗೆ 16: ಬೇಕಾದ್ದು 625 ಲೀಟರ್. ಶೇ 6 ಇಳಿದರೆ 665. ನಲವತ್ತು ಲೀಟರ್ ಜಾಸ್ತಿ. ಲೀಟರಿಗೆ 103 ರೂಪಾಯಿಯ ಹಾಗೆ ನಾಲ್ಕು ಸಾವಿರದ ನೂರು ಚಿಲ್ಲರೆ.

ಇಎಂಐ ಕಟ್ಟುವವರಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಇದಕ್ಕೆ ರಸೀದಿ ಇಲ್ಲ. ಯಾವ ಬಜೆಟ್ ಭಾಷಣದಲ್ಲೂ ಬಾರದ, ಯಾರೂ ತೆರಿಗೆ ಎಂದು ಕರೆಯದ ತೆರಿಗೆ ಇದು. ಕಾರು ಹಳೆಯದಾದಷ್ಟೂ ದರ ಹೆಚ್ಚು.

ತಮಾಷೆಯೆಂದರೆ, ಹೀಗಾಗಬಾರದು ಎಂದು ಅದೇ ನೀತಿ ಆಯೋಗದ ವರದಿ ಹೇಳಿತ್ತು. ಶಕ್ತಿ ಕಡಿಮೆ ಇರುವ ಇಂಧನದ ಬೆಲೆಯೂ ಮಾಮೂಲಿ ಪೆಟ್ರೋಲಿಗಿಂತ ಕಡಿಮೆ ಇರಬೇಕು, ಅದಕ್ಕೆ ತೆರಿಗೆ ರಿಯಾಯಿತಿಯ ಬಗ್ಗೆ ಯೋಚಿಸಿ ಎಂಬ ಸಲಹೆ ಅದರಲ್ಲಿದೆ. ಆಗ ಎಥೆನಾಲ್ ಪೆಟ್ರೋಲಿಗಿಂತ ಅಗ್ಗವಿತ್ತು. ಈಗ ಲೆಕ್ಕ ತಿರುಗಿದೆ: 2025ರ ಜುಲೈ ಕೊನೆಗೆ ತೈಲ ಕಂಪನಿಗಳು ಎಥೆನಾಲ್‌ಗೆ ಕೊಡುತ್ತಿದ್ದ ಸರಾಸರಿ ಬೆಲೆ, ಸಾಗಣೆ ಮತ್ತು ಜಿಎಸ್‌ಟಿ ಸೇರಿ, ಲೀಟರಿಗೆ 71.32 ರೂಪಾಯಿ. ಸಂಸ್ಕರಿಸಿದ ಪೆಟ್ರೋಲಿಗೆ ಬೀಳುವ ಖರ್ಚಿಗಿಂತ ಇದು ಹೆಚ್ಚು ಎಂದು ಸಚಿವಾಲಯವೇ ಒಪ್ಪಿಕೊಂಡಿತು. ಹಾಗಾಗಿ ಅಗ್ಗ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ತೆರಿಗೆಯಲ್ಲಿ ಬಿಡಬಹುದಿತ್ತಲ್ಲ ಎಂಬುದು ನನ್ನ ಪ್ರಶ್ನೆ.

ಎಪ್ಪತ್ತರ ಸೂತ್ರ
*ಬ್ರೆಜಿಲ್ 1975ರಲ್ಲೇ ಎಥೆನಾಲ್ ಹಾದಿ ಹಿಡಿಯಿತು. 2003ರಿಂದ ಅಲ್ಲಿ ಯಾವ ಪ್ರಮಾಣದ ಬೆರಕೆಯನ್ನಾದರೂ ಕುಡಿಯುವ ಫ್ಲೆಕ್ಸ್ ಕಾರುಗಳಿವೆ. ಬಂಕಿನಲ್ಲಿ ಎಥೆನಾಲ್‌ಗೆ ಬೇರೆ ನಾಜಲ್, ಬೇರೆ ದರ. ಎಥೆನಾಲ್ ದರ ಪೆಟ್ರೋಲಿನ ದರದ ಶೇ 70ಕ್ಕಿಂತ ಕೆಳಗಿದ್ದರೆ ಅದನ್ನು ಹಾಕಿಸು, ಮೇಲಿದ್ದರೆ ಪೆಟ್ರೋಲ್ ಹಾಕಿಸು ಎಂಬುದು ಅಲ್ಲಿಯ ಚಾಲಕರ ಬಾಯಿಲೆಕ್ಕ. ಶಕ್ತಿ ಮೂರನೇ ಒಂದು ಪಾಲು ಕಡಿಮೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು, ಬೆಲೆಗೂ ಗೊತ್ತು.*

ಕಾರಿನವರ ಗೋಳು ಇಷ್ಟು. ಆದರೆ ಈ ಗ್ಯಾರೇಜಿನ ಮುಂದೆ ಸಾಲುಗಟ್ಟಿ ನಿಂತಿರುವುದು ಕಾರುಗಳಲ್ಲ, ಬೈಕುಗಳು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವವರೆಗೆ ನಮ್ಮ ಬಹುಪಾಲು ದ್ವಿಚಕ್ರ ವಾಹನಗಳಿಗೆ ಇದ್ದದ್ದು ಕಾರ್ಬೊರೇಟರ್. ಕಾರಿನಲ್ಲಾದರೆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ನೋಡುವ ಸೆನ್ಸರ್ ಇದೆ. ಅದು ಹೇಳಿದಂತೆ ಕಂಪ್ಯೂಟರ್ ಇಂಧನವನ್ನು ಒಂದಿಷ್ಟು ಹೆಚ್ಚು ಬಿಡುತ್ತದೆ. ಕಾರ್ಬೊರೇಟರಿಗೆ ಮೂಗಿಲ್ಲ. ಯಾವತ್ತೋ ಕೂರಿಸಿದ ಜೆಟ್ಟಿನ ತೂತಿನಷ್ಟೇ ಅದರ ಬುದ್ಧಿ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲ್‌ಗೆ 9 ಕಿಲೋ ಸಾಕು. ತೂತು ಬದಲಾಗಲಿಲ್ಲ, ಇಂಧನ ಬದಲಾಯಿತು. ಪರಿಣಾಮ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ: ಎಂಜಿನ್ ಬಿಸಿಯೇರುತ್ತದೆ, ಆ್ಯಕ್ಸಿಲರೇಟರ್ ತಿರುವಿದಾಗ ಒಂದು ಕ್ಷಣ ತಡವರಿಸುತ್ತದೆ. ಆವಿಯಾಗಲು ಎಥೆನಾಲ್‌ಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಶಾಖ ಬೇಕು, ಹಾಗಾಗಿ ಮಾಗಿಯ ಬೆಳಗಿನ ಚಳಿಯಲ್ಲಿ ಚೋಕ್ ಎಳೆದು ಹತ್ತು ಕಿಕ್ ಹೊಡೆಯಬೇಕು.

ಮೆಕ್ಯಾನಿಕ್ ಒಂದು ಕಾರ್ಬೊರೇಟರಿನ ತಳದ ಬಟ್ಟಲು ಬಿಚ್ಚಿ ತೋರಿಸಿದರು. ಮೂಲೆಯಲ್ಲಿ ಸುಣ್ಣದ ಪುಡಿಯಂತೆ ಬಿಳಿ ಕಟ್ಟಿತ್ತು. ಬೈಕಿನ ಯಜಮಾನರು ಅಡಿಕೆ ಕೊಯ್ಲಿಗೆಂದು ಊರಿಗೆ ಹೋಗಿ ಒಂದೂವರೆ ತಿಂಗಳು ಗಾಡಿ ನಿಲ್ಲಿಸಿದ್ದರಂತೆ. ಅಷ್ಟು ದಿನ ಎಥೆನಾಲ್ ಗಾಳಿಯ ತೇವ ಹೀರುತ್ತಾ ಕೂತಿದೆ. ಸ್ವಲ್ಪ ತೇವವಾದರೆ ಅದು ಪೆಟ್ರೋಲಿನಲ್ಲೇ ಕರಗಿ ಉರಿದುಹೋಗುತ್ತದೆ, ತೊಂದರೆಯಿಲ್ಲ. ಮಿತಿ ದಾಟಿತೋ, ಬಾಟಲಿಯಲ್ಲಿ ಕಂಡಂತೆಯೇ ನೀರೂ ಎಥೆನಾಲೂ ಜೋಡಿಯಾಗಿ ತಳಕ್ಕೆ ಇಳಿಯುತ್ತವೆ. ತಳದಲ್ಲಿರುವುದು ಲೋಹ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನೂ ಇಳಿದಿರುತ್ತದೆ.

ದಿನಾ ಓಡುವ ಗಾಡಿಗೆ ಈ ಕಾಟವಿಲ್ಲ. ನಿಂತ ಗಾಡಿಗೇ ಹೆಚ್ಚು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಲ್ಲುವ ಹಳ್ಳಿಯ ಬೈಕು, ಹಬ್ಬಕ್ಕೆ ಮಾತ್ರ ಹೊರಡುವ ಅಜ್ಜನ ಸ್ಕೂಟರು. ವರ್ಷಕ್ಕೊಂದು ಹೊಸ ಮಾಡೆಲ್ ಬದಲಿಸುವವರು ಈ ಮಾತು ಕೇಳಿಸಿಕೊಳ್ಳಲೇಬೇಕಿಲ್ಲ. ಇನ್ನೂ ಹತ್ತು ವರ್ಷ ಎಳೆಯಬೇಕೆಂದುಕೊಂಡವರೇ ಕೇಳಿಸಿಕೊಳ್ಳಬೇಕಾದವರು.

ಏನು ಮಾಡಬೇಕು ಎಂದರೆ ಮೆಕ್ಯಾನಿಕ್ ಹೇಳುವುದು ಸರಳ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಇರಬಾರದು. ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಮಾತ್ರ ಖಾಲಿ ಮಾಡಿ. ಫಿಲ್ಟರ್ ಬೇಗ ಬೇಗ ಬದಲಿಸಿ, ಏಕೆಂದರೆ ಎಥೆನಾಲ್ ಹಳೇ ಟ್ಯಾಂಕಿನ ಜಿಡ್ಡನ್ನೆಲ್ಲ ತೊಳೆದು ತಂದು ಅಲ್ಲೇ ಸುರಿಯುತ್ತದೆ. ‘ಎಥೆನಾಲ್ ನಾಶಕ’ ಎಂದು ಮಾರುವ ಪುಟ್ಟ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ. “ಆ ದುಡ್ಡಿಗೆ ಒಂದ್ ಪೈಪ್ ಬರ್ತತಿ.”

ಎಥೆನಾಲ್ ಇಲ್ಲದ ಪೆಟ್ರೋಲ್ ಬೇಕೇ ಬೇಕೆಂದರೆ ದೊಡ್ಡ ಊರುಗಳ ಕೆಲವು ಬಂಕುಗಳಲ್ಲಿ ನೂರು ಆಕ್ಟೇನಿನ ದುಬಾರಿ ಪೆಟ್ರೋಲ್ ಉಂಟು, ಮಾಮೂಲಿಗಿಂತ ಒಂದೂವರೆ ಪಟ್ಟು ದರ. ಅದು ರೇಸ್ ಬೈಕಿನವರ ಬಾಬತ್ತು. ಹಳೇ ವಾಹನದವರಿಗೂ ಇ-ಝೀರೋ ಆಯ್ಕೆ ಕೊಡಿ, ಬಂಕಿನಲ್ಲಿ ಎಥೆನಾಲ್ ಪ್ರಮಾಣ ಸ್ಪಷ್ಟವಾಗಿ ಬರೆಯಿಸಿ ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಇ-ಝೀರೋ ಬಿಡಿ, ಪ್ರತಿ ತಾಲ್ಲೂಕಿನಲ್ಲಿ ಒಂದು ಬಂಕಿನಲ್ಲಾದರೂ ಇ10 ಉಳಿಸಿದ್ದರೆ ಈ ಕೂಗಿನಲ್ಲಿ ಅರ್ಧ ಏಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ತೈಲ ಕಂಪನಿಗಳಿಗೆ ಎರಡು ಟ್ಯಾಂಕ್, ಎರಡು ಸಾಗಣೆ ರಗಳೆಯೇ. ಆದರೆ ಪ್ರೀಮಿಯಂ ಪೆಟ್ರೋಲಿಗೆ ಬೇರೆ ಟ್ಯಾಂಕ್ ಇಡಲು ಅದೇ ಬಂಕುಗಳಲ್ಲಿ ಜಾಗ ಸಿಕ್ಕಿದೆ.

ಹಳೇ ಸಂಬಂಧ
*ಪೆಟ್ರೋಲಿಗೆ ಸ್ಪಿರಿಟ್ ಬೆರೆಸುವ ಯೋಚನೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ‘ಇಂಡಿಯನ್ ಪವರ್ ಆಲ್ಕೊಹಾಲ್’ ಕಾಯ್ದೆ ಬಂದಿತ್ತು. ಬಳಸುವವರಿಲ್ಲದೆ ಅದು 2000ದಲ್ಲಿ ರದ್ದಾಯಿತು. 2003ರಲ್ಲಿ ಶೇ 5ರ ಬೆರಕೆಯೊಂದಿಗೆ ಈಗಿನ ಕಾರ್ಯಕ್ರಮ ಶುರು. 2014ರಲ್ಲಿ ಬೆರಕೆ ಇನ್ನೂ ಶೇ 1.53, 2025ರಲ್ಲಿ 20.*

ಇಷ್ಟೆಲ್ಲ ಹೇಳಿದ ಮೇಲೆ ಎಥೆನಾಲ್ ಕಡೆಯ ವಕಾಲತ್ತನ್ನೂ ಕೇಳಬೇಕು. ಕಚ್ಚಾ ತೈಲಕ್ಕೆ ನಾವು ಹೊರದೇಶಗಳ ಬಾಗಿಲಲ್ಲಿ ನಿಲ್ಲುವವರು. 2014–15ರಿಂದ 2025ರ ಜುಲೈವರೆಗೆ ಎಥೆನಾಲ್‌ನಿಂದ 1.44 ಲಕ್ಷ ಕೋಟಿ ರೂಪಾಯಿಯ ವಿದೇಶಿ ವಿನಿಮಯ ಉಳಿದಿದೆ ಎನ್ನುತ್ತದೆ ಸರ್ಕಾರ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಬೈಕುಗಳಲ್ಲಿ ಅರ್ಧಕ್ಕೆ, ಕಾರುಗಳಲ್ಲಿ ಶೇ 30ರಷ್ಟು ಇಳಿಯುತ್ತದೆ ಎಂದೂ ನೀತಿ ಆಯೋಗದ ವರದಿಯಲ್ಲಿದೆ. ಸಿಗ್ನಲ್ಲಿನಲ್ಲಿ ಆಟೋ ಹಿಂದೆ ನಿಲ್ಲುವ ನಮ್ಮ ಶ್ವಾಸಕೋಶಗಳಿಗೆ ಇದು ಕಡಿಮೆ ಮಾತಲ್ಲ.

ಆಮೇಲೆ ರೈತ. ಅವನ ಮಾತು ಬಂದಾಗ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟರು. ಹರಪನಹಳ್ಳಿ ಕಡೆ ಅವರ ಅಣ್ಣನದು ನಾಲ್ಕೆಕರೆ, ಪೂರಾ ಮೆಕ್ಕೆಜೋಳ.

ಎಥೆನಾಲ್ ಎಂದರೆ ಕಬ್ಬು ಎಂದುಕೊಂಡವರು ಇನ್ನೂ ಹಳೇ ಪಾಠ ಓದುತ್ತಿದ್ದಾರೆ. 2023ರಲ್ಲಿ ಮಳೆ ಕೈಕೊಟ್ಟು, ಸಕ್ಕರೆ ಸಾಲದಾದೀತೆಂಬ ಭಯದಲ್ಲಿ ಆ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯಲು ಕೇಂದ್ರ ಕಡಿವಾಣ ಹಾಕಿತು. ಆ ಜಾಗಕ್ಕೆ ನುಗ್ಗಿದ್ದು ಮೆಕ್ಕೆಜೋಳ. ಒಂದು ಟನ್ನಿಗೆ 380 ಲೀಟರಿನಷ್ಟು ಎಥೆನಾಲ್. ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ಗೊತ್ತುಮಾಡಿದರು. ದಾವಣಗೆರೆ, ಹಾವೇರಿ, ಗದಗ ಸೀಮೆಯಲ್ಲಿ ಅದನ್ನು ನೆಚ್ಚಿ ಬಿತ್ತಿದವರು ಬೇಕಾದಷ್ಟು ಜನ.

2025ರ ನವೆಂಬರ್‌ನಲ್ಲಿ ಫಸಲು ಕಣಕ್ಕೆ ಬಂತು. ಬೆಂಬಲ ಬೆಲೆ ಕ್ವಿಂಟಲಿಗೆ 2,400. ಮಾರುಕಟ್ಟೆಯಲ್ಲಿ ಕೇಳಿದ್ದು ಎರಡು ಸಾವಿರಕ್ಕಿಂತ ಕೆಳಗೆ. ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಅದೇ ತಿಂಗಳು ಬೆಳಗಾವಿಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನವರು ಹೆದ್ದಾರಿ ಹಿಡಿದು ಕೂತಿದ್ದರು, ಟನ್ನಿಗೆ 3,500 ಕೊಡಿ ಎಂದು. ನಮ್ಮ ಡಿಸ್ಟಿಲರಿಗಳ ಸಾಮರ್ಥ್ಯಕ್ಕೆ ತಕ್ಕಷ್ಟು ಎಥೆನಾಲ್ ಖರೀದಿಸುತ್ತಿಲ್ಲ ಎಂದು ರಾಜ್ಯ ಸರ್ಕಾರ ಕೇಂದ್ರವನ್ನು ದೂರಿತು, ಕೇಂದ್ರ ಅಲ್ಲವೆಂದಿತು.

ಬಂಕಿಗೆ ಹೋದರೆ ರೈತನಿಗಾಗಿ ಎನ್ನುತ್ತಾರೆ, ಕಣಕ್ಕೆ ಹೋದರೆ ಕೊಳ್ಳುವವರಿಲ್ಲ. ಮೆಕ್ಯಾನಿಕ್ ಮನೆಯಲ್ಲಿ ಎರಡೂ ಕಡೆಯ ಅನುಭವ ಉಂಟು. “ನಾನ್ ಇಲ್ಲಿ ಎಥೆನಾಲ್ ಬೈತೀನಿ, ಅಣ್ಣ ಅಲ್ಲಿ ಇನ್ನೂ ಬೆರೆಸಲಿ ಅಂತಾನೆ. ಹಬ್ಬಕ್ಕೆ ಊರಿಗೆ ಹೋದಾಗ ಇದೇ ಜಗಳ.”

ಪೈಪ್ ಕೂರಿಸುವಾಗ ನಾನು ಬಿಲ್ಲಿನ ಹಿಂದೆ ಒಂದು ಲೆಕ್ಕ ಹಾಕಿದೆ. ನನ್ನ ಟ್ಯಾಂಕಿಗೆ 35 ಲೀಟರ್ ಹಿಡಿಯುತ್ತದೆ, ಅದರಲ್ಲಿ ಏಳು ಲೀಟರ್ ಎಥೆನಾಲ್. ಮೆಕ್ಕೆಜೋಳದ್ದಾದರೆ ಹದಿನೆಂಟು ಕಿಲೋ ಚಿಲ್ಲರೆ ಕಾಳು. ಕಬ್ಬಿನದಾದರೆ, ಟನ್ನಿಗೆ ಎಪ್ಪತ್ತು ಲೀಟರಿನ ಹಾಗೆ, ಸರಿಯಾಗಿ ಒಂದು ಕ್ವಿಂಟಲ್ ಕಬ್ಬು. ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ 2,860 ಲೀಟರ್ ನೀರು ಬೇಕು ಎನ್ನುತ್ತದೆ ನೀತಿ ಆಯೋಗದ ವರದಿ. ಏಳು ಲೀಟರಿಗೆ ಇಪ್ಪತ್ತು ಸಾವಿರ, ಅಂದರೆ ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಒಂದು ಟ್ಯಾಂಕರ್ ಬಂದರೆ ಬಿಂದಿಗೆ ಹಿಡಿದು ಓಡುತ್ತೇವೆ. ನನ್ನ ಕಾರು ಒಂದೇ ಸಲಕ್ಕೆ ನಾಲ್ಕು ಕುಡಿಯುತ್ತದೆ.

ಮಧ್ಯಾಹ್ನವಾಗಿತ್ತು. ಬಾಟಲಿ ಇನ್ನೂ ಬೆಂಚಿನ ಮೇಲೇ ಇತ್ತು, ಪದರ ಎರಡೂ ಸ್ಪಷ್ಟ. ಮುಂದಿನ ಗಿರಾಕಿಗೂ ತೋರಿಸಬೇಕು, ಚೆಲ್ಲಬೇಡ ಎಂದು ಹುಡುಗನಿಗೆ ಹೇಳಿ ಮೆಕ್ಯಾನಿಕ್ ಕೈ ತೊಳೆಯಲು ಹೋದರು. ವಾಸನೆ ಹೋಗಿತ್ತು, ಟ್ಯಾಂಕಿನ ಮುಳ್ಳು ಕೆಂಪು ಗೆರೆಯ ಮೇಲಿತ್ತು.

ರಿಂಗ್ ರೋಡಿನ ಬಂಕಿಗೆ ಹೊರಟೆ. ದಾರಿಯುದ್ದಕ್ಕೂ ಡಾಂಬರಿನ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಹರವಿದ್ದರು, ಅಂಚಿಗೆ ಕಲ್ಲು ಸಾಲಿಟ್ಟು. ಕಾಳಿನ ಮೇಲೆ ಹತ್ತಿಸದ ಹಾಗೆ ಒಂದು ಚಕ್ರ ಮಣ್ಣಿಗಿಳಿಸಿ ದಾಟಿದೆ.

ಬಂಕಿನ ಹುಡುಗ ನಾಜಲ್ ತೂರಿಸಿ ಮೀಟರಿನ ಕಡೆ ಕೈ ತೋರಿಸಿದ. “ಝೀರೋ ನೋಡ್ಕೊಳ್ರಿ ಸರ್.”

ನೋಡಿದೆ. ಝೀರೋ ಮೀಟರಿನಲ್ಲಿ ಮಾತ್ರ ಇತ್ತು.